ಕವಲೇದುರ್ಗದ ಗೋಡೆ ಯಾಕೆ ಬೀಳಲಿಲ್ಲ

ಜುಲೈ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಒಂದೇ ಜಾತಿಯ ಸುದ್ದಿ. ಅಲ್ಲಿ ಧರೆ ಜರಿಯಿತು, ಇಲ್ಲಿ ಪಾಗಾರ ಅಡ್ಡ ಬಿತ್ತು, ಮತ್ತೊಂದೆಡೆ ಮೊನ್ನೆ ಮೊನ್ನೆ ಕಟ್ಟಿದ ತಡೆಗೋಡೆಯೇ ರಸ್ತೆಗೆ ಬಂದು ಮಲಗಿತು. ಬಿದ್ದ ಗೋಡೆಗೆ ಸಿಮೆಂಟು, ಕಬ್ಬಿಣ ಯಾವುದಕ್ಕೂ ಕೊರತೆ ಮಾಡಿರುವುದಿಲ್ಲ. ಅದೇ ಮಳೆಗಾಲದಲ್ಲಿ ಹೊಸಂಗಡಿಯಿಂದ ಬಾಳೆಬರೆ ಘಾಟಿ ಹತ್ತಿ ಮೇಲೆ ಹೋದರೆ, ನಮ್ಮಲ್ಲಿಗಿಂತ ಜಾಸ್ತಿ ಮಳೆ ಸುರಿಯುವ ತೀರ್ಥಹಳ್ಳಿ ಸೀಮೆಯ ಒಂದು ಗುಡ್ಡದ ಮೇಲೆ, ಸಿಮೆಂಟಿನ ಮುಖವನ್ನೇ ನೋಡದ ಕಲ್ಲಿನ ಗೋಡೆಗಳು ಸುಮಾರು ನಾಲ್ಕು ಶತಮಾನದಿಂದ ನಿಂತಿವೆ. ಅದು ಕವಲೇದುರ್ಗ, ಕೆಳದಿ ಅರಸರ ಭುವನಗಿರಿ ದುರ್ಗ.

ಕೋಟೆಗಳ ಬಗ್ಗೆ ನಾವು ಬರೆಯುವುದೆಲ್ಲ ಯುದ್ಧದ ಲೆಕ್ಕ. ಯಾರು ಮುತ್ತಿದರು, ಯಾರು ಹಿಡಿದರು, ಯಾರು ಒಳಗಿನಿಂದ ಬಾಗಿಲು ತೆಗೆದರು. ಆದರೆ ಮಲೆನಾಡಿನ ಕೋಟೆಯ ಮೇಲೆ ಶತ್ರು ಬರುವುದು ತಲೆಮಾರಿಗೊಮ್ಮೆ; ಮಳೆ ಬರುವುದು ಪ್ರತಿ ಜೂನಿಗೆ. ಕವಲೇದುರ್ಗಕ್ಕೆ ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಈ ಹೊಡೆತಕ್ಕೆ ನಿಲ್ಲದ ಗೋಡೆ ಯಾವ ಫಿರಂಗಿಗೂ ಕಾಯಬೇಕಾಗಿಲ್ಲ. ಹಾಗಾಗಿ ಕವಲೇದುರ್ಗವನ್ನು ಮೊದಲು ನೀರಿನ ಕಾಮಗಾರಿಯಾಗಿ ನೋಡಿ, ಆಮೇಲೆ ಯುದ್ಧದ ಕೋಟೆಯಾಗಿ ನೋಡುವುದು ಒಳ್ಳೆಯದೆಂದು ನನ್ನ ಅನಿಸಿಕೆ.

ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡಬಹುದು. 1500ರ ಆಸುಪಾಸಿನಲ್ಲಿ ಚೌಡಪ್ಪನಿಂದ ಮೊದಲಾದ ಕೆಳದಿ ಮನೆತನ ವಿಜಯನಗರದ ಸಾಮಂತರಾಗಿ ಬೆಳೆದು, ವಿಜಯನಗರ ಕುಸಿದ ಮೇಲೆ ಸ್ವತಂತ್ರವಾಯಿತು. ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಇಕ್ಕೇರಿಗೆ ಬಂದಾಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಕವಲೇದುರ್ಗವನ್ನು ಅರಮನೆ, ಉಗ್ರಾಣ, ಲಾಯ, ಮಠ, ಅಗ್ರಹಾರಗಳಿರುವ ದೊಡ್ಡ ಗಿರಿದುರ್ಗವಾಗಿ ಬೆಳೆಸಿದ ಕೀರ್ತಿ ಈ ವೆಂಕಟಪ್ಪನಿಗೇ ಸಲ್ಲುತ್ತದೆ. 1630ರ ದಶಕದ ಕೊನೆಗೆ ಬಿಜಾಪುರದ ಸೈನ್ಯ ಬಯಲಿನಲ್ಲಿದ್ದ ಇಕ್ಕೇರಿಯನ್ನು ಸೂರೆ ಮಾಡಿತು. ವೀರಭದ್ರ ನಾಯಕ ರಾಜಧಾನಿಯನ್ನು ಕಾಡು, ಗುಡ್ಡಗಳ ನಡುವಿನ ಬಿದನೂರಿಗೆ ಸಾಗಿಸಿದ. ಅದೇ ಇಂದಿನ ನಗರ. ಬಯಲು ಬಿಟ್ಟು ಮಲೆ ಸೇರಿದ ರಾಜ್ಯಕ್ಕೆ ಕವಲೇದುರ್ಗ ಕೊನೆಯ ಆಸರೆಯ ಜಾಗ. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಬಗೆಯ ದುರ್ಗ ಹೇಳುತ್ತದೆ: ಔದಕ, ಪಾರ್ವತ, ಧಾನ್ವನ, ವನ. ನೀರು ಸುತ್ತಿದ್ದು, ಬೆಟ್ಟದ್ದು, ಮರುಭೂಮಿಯದ್ದು, ಕಾಡಿನದ್ದು. ಕವಲೇದುರ್ಗ ಬೆಟ್ಟದ್ದೂ ಹೌದು, ಕಾಡಿನದ್ದೂ ಹೌದು. ಜುಲೈ ತಿಂಗಳಲ್ಲಿ ಹೋದವರು ಔದಕವೂ ಹೌದು ಎಂದರೆ ಯಾರೂ ಜಗಳ ಮಾಡಲಾರರು.

ಹತ್ತುವ ದಾರಿ ಗದ್ದೆಯ ಬದುವಿನಿಂದ ಶುರುವಾಗಿ ಕಾಡು ಹೊಗುತ್ತದೆ. ಕಲ್ಲು ಹಾಸಿದ ಏರು, ಅದರ ತುದಿಗೆ ಮೊದಲ ಹೆಬ್ಬಾಗಿಲು. ಎರಡೂ ಬದಿಗೆ ಕಾವಲಿನವರ ಕೋಣೆ, ಗೋಡೆಯಲ್ಲಿ ಕೆತ್ತಿದ ನಾಗ. ಅದನ್ನು ದಾಟಿ ಇನ್ನಷ್ಟು ಏರಿದರೆ ಇನ್ನೊಂದು ಸುತ್ತು, ಇನ್ನೊಂದು ಬಾಗಿಲು. ಒಂದರೊಳಗೊಂದು ಮೂರು ಸುತ್ತಿನ ಕೋಟೆ. ಈ ಸುತ್ತುಗಳು ಅಳತೆ ಪಟ್ಟಿ ಇಟ್ಟು ಎಳೆದ ವೃತ್ತಗಳಲ್ಲ. ಗುಡ್ಡದ ಮೈ ಹೇಗೆ ಬಳಕಿದೆಯೋ ಹಾಗೆ ಬಳಕುತ್ತವೆ. ಸಹಜವಾಗಿ ಕಡಿದಾದ ಬಂಡೆ ಇದ್ದಲ್ಲಿ ಬಂಡೆಯೇ ಗೋಡೆಯ ಕೆಲಸ ಮಾಡಿದೆ.

ಬೆಟ್ಟದ ಮೇಲೆ ಕೋಟೆ ಕಟ್ಟಿದವರು ಲೋಕದಲ್ಲಿ ಬಹಳ ಮಂದಿ. ಅವರಲ್ಲಿ ಜಪಾನಿನವರನ್ನು ಹೋಲಿಕೆಗೆ ತೆಗೆದುಕೊಳ್ಳುವುದಕ್ಕೆ ಒಂದು ಕಾರಣವಿದೆ: ಅದೂ ಮಳೆಯ ದೇಶ, ಕಾಡಿನ ದೇಶ, ಮರದ ಕಟ್ಟಡಗಳ ದೇಶ. 1467ರಿಂದ ಒಂದು ಶತಮಾನಕ್ಕೂ ಮೀರಿ ಅಲ್ಲಿ ಪಾಳೆಯಗಾರರ ಕಾದಾಟ ನಡೆಯಿತು. ಆ ಕಾಲದಲ್ಲಿ ಎದ್ದ ಬೆಟ್ಟದ ಕೋಟೆಗಳಿಗೆ 'ಯಾಮಾಜಿರೊ' ಎನ್ನುತ್ತಾರೆ. ಬೆಟ್ಟದವೂ ಬಯಲಿನವೂ ಸೇರಿ ಜಪಾನಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೋಟೆಯ ನೆಲೆಗಳಿವೆ ಎಂಬುದು ಅಲ್ಲಿನವರ ಅಂದಾಜು. ಕ್ಯಾಲೆಂಡರಿನಲ್ಲಿ ನಾವು ಕಾಣುವ ಬಿಳಿ ಗೋಪುರದ ಕೋಟೆಗಳು ಈ ರಾಶಿಯಲ್ಲಿ ಚಿಟಿಕೆಯಷ್ಟು. ಬಹುತೇಕ ಬೆಟ್ಟದ ಕೋಟೆಗಳಿಗೆ ಕಲ್ಲೇ ಇರಲಿಲ್ಲ. ಗುಡ್ಡದ ನೆತ್ತಿಯನ್ನು ಸವರಿ ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡುವುದು, ಬೆಟ್ಟದ ಏಣನ್ನು ಅಡ್ಡಕ್ಕೆ ಕಡಿದು ಕಂದಕ ತೋಡುವುದು, ತೋಡಿದ ಮಣ್ಣನ್ನು ಅಂಚಿಗೆ ಪೇರಿಸಿ ದಿಬ್ಬ ಮಾಡುವುದು, ಮೇಲೆ ಮರದ ಬೇಲಿ. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ್ದು ಕೊಡಗಿನ ಕಡಂಗ. ಅಲ್ಲಿಯೂ ಆಳದ ಕಂದಕ, ಪಕ್ಕದಲ್ಲಿ ಮಣ್ಣಿನ ಏರಿ, ಗುಡ್ಡ ಹಿಡಿದು ದೂರದವರೆಗೆ ಓಡುವ ಸಾಲು.

ಕಲ್ಲಿನ ಗೋಡೆಗಳು ಜಪಾನಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ. ಬಿವಾ ಸರೋವರದ ದಂಡೆಯ ಅನೋ ಎಂಬಲ್ಲಿನ ಕಲ್ಲುಕಟಿಗರು ಇದರಲ್ಲಿ ಹೆಸರಾದವರು. ಹ್ಯೊಗೊ ಪ್ರಾಂತದ ತಾಕೆದಾ ಕೋಟೆ ಇಂಥದ್ದೊಂದು: ಸುಮಾರು 353 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ, ಉತ್ತರ ದಕ್ಷಿಣವಾಗಿ 400 ಮೀಟರ್ ಉದ್ದಕ್ಕೆ ಬರೀ ಕಲ್ಲಿನ ಬುಡಗಳು. 1600ರಲ್ಲಿ ಆ ಕಾದಾಟದ ನಿರ್ಣಾಯಕ ಸೆಕಿಗಾಹಾರಾ ಯುದ್ಧದ ನಂತರ ಅದನ್ನು ಕೈಬಿಟ್ಟರು. ಮರದ ಭಾಗವೆಲ್ಲ ಹೋಯಿತು, ಗೋಡೆ ಉಳಿಯಿತು. ಶರತ್ಕಾಲದ ಬೆಳಗ್ಗೆ ಕೆಳಗಿನ ಕಣಿವೆಯಲ್ಲಿ ಮಂಜು ತುಂಬಿದಾಗ ಗೋಡೆಗಳಷ್ಟೇ ತೇಲುವಂತೆ ಕಾಣುವುದರಿಂದ ಈಗ ಅದು ಪ್ರವಾಸಿಗಳ ಅಚ್ಚುಮೆಚ್ಚಿನ ಜಾಗ.

ಆ ಗೋಡೆಯ ಒಳಗುಟ್ಟು ಹೊರಗಿನಿಂದ ಕಾಣುವುದಿಲ್ಲ. ಹೊರಮೈಯ ದೊಡ್ಡ ಕಲ್ಲಿಗೂ ಹಿಂದಿನ ಮಣ್ಣಿಗೂ ನಡುವೆ ಮುಷ್ಟಿಗಾತ್ರದ, ತಲೆಗಾತ್ರದ ಗುಂಡುಕಲ್ಲುಗಳ ದಪ್ಪ ಪದರವನ್ನು ತುಂಬಿರುತ್ತಾರೆ. ಮಣ್ಣಿನಿಂದ ಬಸಿದ ನೀರು ಆ ಸಂದುಗಳಲ್ಲಿ ಇಳಿದು, ಹೊರಗಲ್ಲುಗಳ ನಡುವಿನಿಂದ ಹೊರಟುಹೋಗುತ್ತದೆ. ಗಾರೆ ಹಾಕದೇ ಇರುವುದು ಬಡತನದಿಂದಲ್ಲ, ಬುದ್ಧಿಯಿಂದ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಗುಡ್ಡದ ಮಣ್ಣನ್ನು ತಡೆದು ನಿಂತ ಗೋಡೆಯನ್ನು ಆ ಮಣ್ಣು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಒಣ ಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿ ಹಿಡಿದುಕೊಂಡಿರುವುದರಿಂದ ಅದರ ಭಾರದ ಮೂರನೇ ಒಂದು ಪಾಲಿನಷ್ಟು ಮಾತ್ರ ಗೋಡೆಯ ಮೇಲೆ ಬೀಳುತ್ತದೆ ಎನ್ನಬಹುದು. ನೀರಿಗೆ ಅಂಥ ಹಿಡಿತವಿಲ್ಲ. ಎಷ್ಟು ಆಳ ನಿಂತಿದೆಯೋ ಅಷ್ಟು ಪೂರ್ತಿ ಒತ್ತಡವನ್ನು ಎಲ್ಲ ದಿಕ್ಕಿಗೂ ಹಾಕುತ್ತದೆ. ಐದು ಮೀಟರ್ ಎತ್ತರದ ಗೋಡೆಯ ಹಿಂದೆ ಮಣ್ಣು ಪೂರ್ತಿ ನೀರು ಕುಡಿದು ನಿಂತರೆ, ಬುಡದಲ್ಲಿ ನೀರಿನದ್ದೇ ಒತ್ತಡ ಚದರ ಮೀಟರಿಗೆ ಐದು ಟನ್. ಮಣ್ಣಿನದ್ದನ್ನೂ ಸೇರಿಸಿದರೆ, ಒಣಗಿದ್ದಾಗಿನ ಒಟ್ಟು ಒತ್ತಡದ ಎರಡು ಪಟ್ಟಿಗೂ ಮೀರುತ್ತದೆ. ಸಾಲದ್ದಕ್ಕೆ ನೀರು ಮಣ್ಣಿನ ಕಣಗಳನ್ನು ಒಂದರಿಂದೊಂದು ಎತ್ತಿ ಹಿಡಿದು ಉಜ್ಜಾಟವನ್ನು ಸಡಿಲಿಸುತ್ತದೆ. ನಮ್ಮ ಊರಿನ ಕಾಂಕ್ರೀಟು ಪಾಗಾರ ಬೇಸಗೆಯಲ್ಲಿ ಗಟ್ಟಿಯಾಗಿ ನಿಂತು ಆಷಾಢದಲ್ಲಿ ಬೀಳುವುದರ ಕಾರಣ ಇದೇ. ನೀರು ಹೊರಹೋಗಲು ಬೇಕಾದ ಕೊಳವೆಗಳು ಇರುವುದಿಲ್ಲ, ಇದ್ದರೂ ಹಿಂದೆ ಜಲ್ಲಿ ತುಂಬದೆ ಕೆಸರಿನಿಂದ ಕಟ್ಟಿಹೋಗಿರುತ್ತವೆ. ಗೋಡೆ ಗಟ್ಟಿ ಇದ್ದಷ್ಟೂ ಅದೊಂದು ಒಳ್ಳೆಯ ಅಣೆಕಟ್ಟಾಗುತ್ತದೆ. ಅಣೆಕಟ್ಟಾಗಲು ಅದನ್ನು ಕಟ್ಟಿರಲಿಲ್ಲ, ಅಷ್ಟೇ.

ಕವಲೇದುರ್ಗದ ಹೊರಗೋಡೆಯ ಕಲ್ಲುಗಳು ತಮ್ಮ ಭಾರದಿಂದಲೇ ಕೂತವು. ಒಂದೊಂದೂ ಆನೆ ಎಳೆಯಬೇಕಾದಂಥ ತುಂಡು. ಸಂದುಗಳಲ್ಲಿ ಸಣ್ಣ ಚೂರು ಕಲ್ಲು ತುರುಕಿ ಅಲುಗದಂತೆ ಮಾಡಿದ್ದಾರೆ. ಮಳೆಗಾಲದಲ್ಲಿ ಇಂಥ ಗೋಡೆ ಮೈತುಂಬ ಬೆವರುತ್ತದೆ, ಹಾಗೆ ಬೆವರುವುದೇ ಅದರ ಆರೋಗ್ಯ. ಈ ತಿಳಿವಳಿಕೆ ಯಾವ ಶಿಲ್ಪಶಾಸ್ತ್ರದಿಂದ ಬಂತೆಂದು ಹುಡುಕುವ ಅಗತ್ಯವಿದೆಯೆಂದು ನನಗನ್ನಿಸುವುದಿಲ್ಲ. ಅಡಿಕೆ ತೋಟದಲ್ಲಿ ಸಾಲಿಗೊಂದು ಬಸಿಗಾಲುವೆ ತೋಡದಿದ್ದರೆ ಬೇರು ಕೊಳೆಯುತ್ತದೆಂದು ಗೊತ್ತಿದ್ದ ಜನ ಗೋಡೆಯನ್ನೂ ತೋಟದ ಹಾಗೇ ನೋಡಿದರು.

ಕಲ್ಲು ಅಲ್ಲಿಯದೇ. ಈ ಭಾಗದ ಬುನಾದಿ ಶಿಲೆ ನೈಸ್ ಮತ್ತು ಗ್ರಾನೈಟ್ ಜಾತಿಯದು, ಮುನ್ನೂರು ಕೋಟಿ ವರ್ಷದಷ್ಟು ಹಳೆಯದು, ಭೂಮಿಯ ಹಳೆಯ ಗಟ್ಟಿ ತುಣುಕುಗಳಲ್ಲೊಂದು. ಮೇಲಿನ ಪದರಗಳು ಸವೆದು ಭಾರ ಕಡಿಮೆಯಾದಂತೆ ಇಂಥ ಬಂಡೆ ಮೈಗೆ ಸಮಾನಾಂತರವಾಗಿ ಸಿಪ್ಪೆ ಸಿಪ್ಪೆಯಾಗಿ ಬಿರಿಯುತ್ತದೆ. ಕಲ್ಲು ಒಡೆಯುವವರಿಗೆ ಅರ್ಧ ಕೆಲಸವನ್ನು ಬೆಟ್ಟವೇ ಮಾಡಿಕೊಟ್ಟಂತೆ. ಉಳಿದರ್ಧಕ್ಕೆ ಚಾಣದಿಂದ ಒಂದೇ ಗೆರೆಯಲ್ಲಿ ತೂತುಗಳನ್ನು ಕೊರೆದು, ಅವುಗಳಿಗೆ ಬೆಣೆ ಇಟ್ಟು, ಸಾಲಿನ ಮೇಲೆ ಸರದಿಯಂತೆ ಹೊಡೆಯುತ್ತ ಹೋಗುವುದು. ಕಲ್ಲು ಅದುಮಿದರೆ ಸಹಿಸುತ್ತದೆ, ಎಳೆದರೆ ಸಹಿಸುವುದಿಲ್ಲ. ಬೆಣೆ ಅದನ್ನು ಇಬ್ಬದಿಗೆ ಎಳೆಯುತ್ತದೆ, ಬಿರುಕು ತೂತಿನಿಂದ ತೂತಿಗೆ ಓಡುತ್ತದೆ. ಹಳೆಯ ಕೋಟೆಗಳ ಸುತ್ತಲಿನ ಬಂಡೆಗಳಲ್ಲಿ ಕಾಣುವ ಚೌಕ ತೂತುಗಳ ಸಾಲು ಇದರ ಗುರುತು. ಒಸಾಕಾ ಕೋಟೆಯ ಕಲ್ಲುಗಳಲ್ಲೂ ಇಂಥದೇ ಹಲ್ಲಿನ ಸಾಲಿದೆ. ಯಾರೂ ಯಾರಿಂದಲೂ ಕಲಿತದ್ದಲ್ಲ. ಗ್ರಾನೈಟಿಗೆ ಸುತ್ತಿಗೆಯಿಂದ ಉತ್ತರ ಕೊಡಿಸುವ ದಾರಿಗಳು ಕಡಿಮೆ.

ನೀರು ಹೊರಗೆ ಹಾಕುವುದು ಒಂದು ಕಷ್ಟವಾದರೆ, ಅದೇ ನೀರನ್ನು ಹಿಡಿದಿಡುವುದು ಇನ್ನೊಂದು. ಬಂಡೆಯ ಗುಡ್ಡದಲ್ಲಿ ಅಂತರ್ಜಲ ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಫೆಬ್ರವರಿ ಕಳೆದರೆ ಒರತೆ ಸೊರಗುತ್ತದೆ. ಕೋಟೆಯನ್ನು ಮುತ್ತುವವನು ಬರುವುದೂ ದಾರಿ ಒಣಗಿದ ಮೇಲೆಯೇ. ಒಂದು ಹೆಕ್ಟೇರ್ ಬಂಡೆಯ ಮೇಲೆ ಏಳು ಮೀಟರ್ ಮಳೆ ಎಂದರೆ ಏಳು ಕೋಟಿ ಲೀಟರ್. ಐನೂರು ಜನಕ್ಕೆ ತಲೆಗೆ ಇಪ್ಪತ್ತು ಲೀಟರಿನಂತೆ ಇನ್ನೂರು ದಿನಕ್ಕೆ ಬೇಕಾದದ್ದು ಇಪ್ಪತ್ತು ಲಕ್ಷ ಲೀಟರ್, ಅಂದರೆ ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಐದು ಮೀಟರ್ ಆಳದ ಒಂದು ಕೊಳ. ಬೇಸಗೆಯಲ್ಲಿ ಆವಿಯಾಗಿ ಹೋಗುವುದಕ್ಕೆಂದು ಇನ್ನೊಂದು ಮೀಟರ್ ಆಳ ಸೇರಿಸಿದರೂ, ಬಿದ್ದ ಮಳೆಯ ಮುಂದೆ ಇದು ಏನೇನೂ ಅಲ್ಲ. ಕಷ್ಟವಿದ್ದದ್ದು ಹಿಡಿಯುವ ಪ್ರಮಾಣದಲ್ಲಲ್ಲ, ಹಿಡಿದದ್ದು ಕೊಳೆಯದಂತೆ, ಸೋರದಂತೆ, ಉಕ್ಕಿ ಗೋಡೆಯ ಬುಡ ಕೊರೆಯದಂತೆ ನೋಡಿಕೊಳ್ಳುವುದರಲ್ಲಿ. ದುರ್ಗದಲ್ಲಿ ಬೇರೆ ಬೇರೆ ಮಟ್ಟದಲ್ಲಿ ಕೊಳಗಳಿವೆ. ಮೆಟ್ಟಿಲು ಕಟ್ಟಿದವೂ ಉಂಟು, ಬಂಡೆಯ ತಗ್ಗನ್ನೇ ಬಳಸಿಕೊಂಡವೂ ಉಂಟು. ಹೀಗೆ ಮಟ್ಟ ಮಟ್ಟಕ್ಕೆ ಕೊಳವಿದ್ದರೆ ಮೇಲಿನದು ತುಂಬಿ ಹರಿದದ್ದು ಕೆಳಗಿನವರಿಗೆ ಸಿಗುತ್ತದೆ, ಇಳಿಜಾರಿನಲ್ಲಿ ರಭಸವೂ ಮುರಿಯುತ್ತದೆ.

ಅರಮನೆಯ ಜಾಗದಲ್ಲಿ ಈಗ ಕಾಣುವುದು ನೆಲಗಟ್ಟು ಮಾತ್ರ. ಪುರಾತತ್ವ ಇಲಾಖೆ ಮಣ್ಣು ತೆಗೆದ ಮೇಲೆ ಜಗಲಿ, ಕೋಣೆಗಳ ಗೆರೆ, ದೇವರ ಕೋಣೆ, ಕಲ್ಲಿನ ಐದು ಒಲೆಯ ಅಡುಗೆಮನೆ, ಬಚ್ಚಲು, ಅದಕ್ಕೆ ನೀರು ಬರುವ ಹೋಗುವ ತೂಬುಗಳು ಬೆಳಕಿಗೆ ಬಂದವು. ನೋಡಲು ಬಂದವರು ಸಾಮಾನ್ಯವಾಗಿ ಇಷ್ಟೇನಾ ಎನ್ನುತ್ತಾರೆ. ಮಲೆನಾಡಿನ ಅರಮನೆ ಎಂದರೆ ಮರದ ಕಂಬ, ಮರದ ತೊಲೆ, ಹೆಂಚು ಅಥವಾ ಹುಲ್ಲಿನ ಮಾಡು. ಮರ ಒರಲೆಗೂ ಬೆಂಕಿಗೂ ಹೋಗುತ್ತದೆ. ಆದರೆ ಕಂಬ ನಿಂತ ಕಲ್ಲು ಹೋಗುವುದಿಲ್ಲ. ಕಂಬದ ಕಲ್ಲುಗಳ ನಡುವಿನ ಅಂತರ ನೋಡಿ ಮಾಡಿನ ತೊಲೆ ಎಷ್ಟುದ್ದ ಇದ್ದಿರಬೇಕೆಂದು ಹೇಳಬಹುದು. ತೂಬಿನ ಇಳಿಜಾರು ನೋಡಿ ಬಚ್ಚಲ ನೀರು ಯಾವ ಕಡೆ ಹೋಗುತ್ತಿತ್ತೆಂದು ಹೇಳಬಹುದು. ಜಪಾನಿನಲ್ಲೂ ಬೆಟ್ಟದ ಕೋಟೆಯ ಅಧ್ಯಯನ ಎಂದರೆ ಬಹುಪಾಲು ಇದೇ, ಕಂಬದ ಕಲ್ಲು ಮತ್ತು ಕಂಬದ ಗುಣಿಗಳ ಓದು. ಕವಲೇದುರ್ಗದಲ್ಲಿ ಪೂರ್ತಿಯಾಗಿ ನಿಂತಿರುವವು ದೇವಸ್ಥಾನಗಳು. ಎದುರಿಗೆ ಎರಡು ಎತ್ತರದ ಕಂಬಗಳಿರುವ ಕಾಶಿ ವಿಶ್ವನಾಥ, ತುದಿಯ ಬಂಡೆಯ ಮೇಲಿನ ಶಿಖರೇಶ್ವರ. ಅವು ಕಲ್ಲಿನವಾದದ್ದರಿಂದ ಉಳಿದವು. ರಾಜ ಮರದ ಮನೆಯಲ್ಲಿ, ದೇವರು ಕಲ್ಲಿನ ಮನೆಯಲ್ಲಿ ಎಂಬುದು ಆಗಿನ ಪದ್ಧತಿ.

ಇದನ್ನೆಲ್ಲ ಕಟ್ಟಿದ ಹಣ ಎಲ್ಲಿಂದ ಬಂತೆಂದು ನೋಡಲು ಈಗ ಘಟ್ಟ ಇಳಿದು ಹಟ್ಟಿಯಂಗಡಿಗೆ ಬರೋಣ. ಮಲೆನಾಡಿನಲ್ಲಿ ಹುಟ್ಟಿ, ಕುಂಚಿಕಲ್ಲಿನಲ್ಲಿ ಧುಮುಕಿ, ಹೊಸಂಗಡಿಯ ಬುಡಕ್ಕೆ ಬರುವ ವಾರಾಹಿ, ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ ಕಡಲು ಸೇರುವ ಮೊದಲು ಈ ಊರನ್ನು ಹಾಯುತ್ತದೆ. ಪಟ್ಟಿನಗರ ಎಂಬ ಹಳೆಯ ಹೆಸರು, ಆಳುಪರ ಕಾಲದ ನೆನಪು, ವಿನಾಯಕನ ಗುಡಿ, ಜೈನ ಬಸದಿ ಎಲ್ಲ ಇರುವ ಊರು. ಇದೇ ಹೊಳೆಯ ಮೇಲೆ ಬಸರೂರು. ಅಲ್ಲಿಂದ ಅಕ್ಕಿ ಗೋವಾಕ್ಕೂ, ಪರ್ಷಿಯಾ ಕೊಲ್ಲಿಯ ಓರ್ಮುಜ್‌ಗೂ ಹೋಗುತ್ತಿತ್ತು. 1569ರಲ್ಲಿ ಪೋರ್ಚುಗೀಸರು ಬಸರೂರನ್ನು ಹಿಡಿದು ನದಿಯ ಮುಖದ ಕಡೆಗೆ ಕೋಟೆ ಕಟ್ಟಿದ್ದು ಈ ಅಕ್ಕಿಗಾಗಿಯೇ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರಹಾಕಿದ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸರೂರನ್ನು ಕೊಳ್ಳೆ ಹೊಡೆದ. ಕವಲೇದುರ್ಗದ ಉಗ್ರಾಣ, ಆನೆ ಲಾಯ, ಕಲ್ಲು ಕೆಲಸದವರ ಕೂಲಿ ಇವೆಲ್ಲ ಗುಡ್ಡದ ಮೇಲೆ ಬೆಳೆದದ್ದಲ್ಲ. ಘಟ್ಟದ ಕೆಳಗಿನ ಗದ್ದೆಯ ಅಕ್ಕಿ, ಘಟ್ಟದ ಇಳಿಜಾರಿನ ಕಾಳುಮೆಣಸು, ಎರಡಕ್ಕೂ ಬಂದರಿನಲ್ಲಿ ಹುಟ್ಟಿದ ಹಣ. ಶಿವಪ್ಪ ನಾಯಕನ ಶಿಸ್ತು ಎಂದು ಇಂದಿಗೂ ಜನ ನೆನೆಯುವ ಕಂದಾಯದ ಏರ್ಪಾಡು ಈ ಹಣದ ಲೆಕ್ಕವೇ. ಕೆಳದಿಯವರ ಕೋಟೆಗಳ ನಕ್ಷೆಯನ್ನು ಘಾಟಿಗಳ ನಕ್ಷೆಯ ಮೇಲೆ ಇಟ್ಟು ನೋಡದೆ ಓದುವುದು ಅರ್ಧ ಓದು.

ಹಾಗಿದ್ದರೆ ದುಡ್ಡಿದ್ದ ಕೆಳಗಿನ ಊರುಗಳಲ್ಲಿ ಗೋಡೆ ಯಾಕೆ ಕಾಣುವುದಿಲ್ಲ? ಬಾರಕೂರಿನಲ್ಲಿ ಕೋಟೆಯ ಅಗಳು, ದಿಬ್ಬ, ಆನೆ ಲಾಯದ ಕುರುಹು ಇವೆ. ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಗುರುತು ಹಿಡಿಯುವಷ್ಟು ಉಳಿದದ್ದು ಕಡಿಮೆ. ಕರಾವಳಿಯ ಕೋಟೆಗಳ ಮುರಕಲ್ಲು ಮೆದು, ಮಳೆಗೆ ಕರಗಿತು ಎನ್ನುವುದು ಸುಲಭದ ಉತ್ತರ. ಅದು ಸರಿಯಲ್ಲ. 1801ರ ಆರಂಭದಲ್ಲಿ ಈ ಕರಾವಳಿಯ ದಾರಿಯಲ್ಲೇ ಹೋದ, ಈಸ್ಟ್ ಇಂಡಿಯಾ ಕಂಪನಿಯ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಮೊದಲೇ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ ವಿವರಿಸಿದ್ದ. ಲ್ಯಾಟರೈಟ್ ಎಂಬ ಹೆಸರು ವಿಜ್ಞಾನಕ್ಕೆ ಬಂದದ್ದು ಅವನಿಂದ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು, ಗಾಳಿ ಬಿಸಿಲಿಗೆ ತೆರೆದು ಒಣಗಿದರೆ ಅದರ ಕಬ್ಬಿಣದ ಅಂಶ ಗಟ್ಟಿ ಹೆಪ್ಪುಗಟ್ಟಿ ಇಟ್ಟಿಗೆಗಿಂತ ಚೆನ್ನಾಗಿ ಬಾಳುತ್ತದೆ. ಕುಮಟೆಯ ಮಿರ್ಜಾನ್ ಕೋಟೆ ಮುರಕಲ್ಲಿನದು, ನಿಂತಿದೆ. 1650ರ ಆಸುಪಾಸಿಗೆ ಶಿವಪ್ಪ ನಾಯಕ ಕಟ್ಟಿಸಿದ ಕಾಸರಗೋಡಿನ ಬೇಕಲ ಕೋಟೆ ನಲವತ್ತು ಎಕರೆಯಲ್ಲಿ ಕಡಲಿನ ಉಪ್ಪುಗಾಳಿಗೆ ಎದೆಯೊಡ್ಡಿ ನಿಂತಿದೆ.

ಮುರಕಲ್ಲಿನ ಕೋಟೆಗೆ ಮುಳುವಾದದ್ದು ಅದರ ಒಳ್ಳೆಯತನ. ಚೌಕವಾಗಿ ಕಡಿದ ಕಲ್ಲು, ಒಬ್ಬಾಳು ತಲೆಯ ಮೇಲೆ ಹೊರಬಲ್ಲ ತೂಕ, ಊರಿನ ನಡುವೆ ಬಿಟ್ಟಿ ಸಿಗುತ್ತದೆ. ಮನೆ ಕಟ್ಟುವವನು, ಬಾವಿ ಕಟ್ಟುವವನು, ಪಾಗಾರ ಹಾಕುವವನು ಯಾರೂ ಸುಮ್ಮನೆ ಬಿಡಲಿಲ್ಲ. ಹಳೆಯ ಬಂದರಿನ ಗೋಡೆ ಊರಿನ ಪಾಯಗಳಲ್ಲಿ ಹಂಚಿಹೋಗಿದೆ. ಕವಲೇದುರ್ಗದ ಕಲ್ಲನ್ನು ಕೆಳಗಿಳಿಸಿ ಒಯ್ಯುವುದಕ್ಕೆ ಬೇಕಾದ ಖರ್ಚಿನಲ್ಲಿ ಹೊಸ ಕಲ್ಲೇ ಸಿಗುತ್ತಿತ್ತು, ಸುತ್ತ ಊರೂ ಬೆಳೆಯಲಿಲ್ಲ. 19ನೇ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ತಾಲೂಕಿನ ಹೆಸರೇ ಕವಲೇದುರ್ಗ. ಆ ಹೆಸರು ತೀರ್ಥಹಳ್ಳಿಗೆ ಜಾಗ ಬಿಟ್ಟು ಹೋದಂತೆ ಜನವೂ ಕಚೇರಿಯೂ ತುಂಗೆಯ ದಂಡೆಗೆ ಸರಿದವು. ಜಪಾನಿನಲ್ಲೂ ಹೀಗೇ: 1615ರಲ್ಲಿ ಒಂದು ಸೀಮೆಗೆ ಒಂದೇ ಕೋಟೆ ಎಂಬ ಆಜ್ಞೆ ಬಂದು ಉಳಿದವನ್ನು ಕೆಡವಿಸಿದಾಗ, 1873ರಲ್ಲಿ ಸರ್ಕಾರ ಬೇಡದ ಕೋಟೆಗಳನ್ನು ಮಾರಾಟಕ್ಕಿಟ್ಟಾಗ, ಊರಿನ ಹತ್ತಿರದವು ಬೇಗ ಮಾಯವಾದವು. ದೂರದ ಬೆಟ್ಟದವನ್ನು ಕೆಡವಲೂ ಯಾರಿಗೂ ಪುರುಸೊತ್ತಾಗಲಿಲ್ಲ.

ಯುದ್ಧದಲ್ಲಿ ಈ ಎತ್ತರಗಳು ಎಷ್ಟು ಕೆಲಸಕ್ಕೆ ಬಂದವು ಎಂದರೆ, ಕಟ್ಟಿದ ಖರ್ಚಿಗೆ ಹೋಲಿಸಿದರೆ ಕಡಿಮೆ ಎಂದೇ ಹೇಳಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಅವನಿಗೆ ನೆರವಾದದ್ದು ಏಣಿಯಲ್ಲ, ಫಿರಂಗಿಯಲ್ಲ. ಹಳೆಯ ಮಂತ್ರಿ ಲಿಂಗಣ್ಣ ತೋರಿಸಿದ ಕಾಡಿನ ಕಳ್ಳದಾರಿ. ರಾಣಿ ವೀರಮ್ಮಾಜಿ ಬಲ್ಲಾಳರಾಯನ ದುರ್ಗಕ್ಕೆ ಓಡಿದರೂ ಸಿಕ್ಕಿಬಿದ್ದು ಮಧುಗಿರಿಯಲ್ಲಿ ಸೆರೆಯಾದಳು. ಇಪ್ಪತ್ತು ವರ್ಷದ ಮೇಲೆ, 1783ರ ಜನವರಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಹೊಸಂಗಡಿ ಘಟ್ಟ ಹತ್ತಿದ. ದಾರಿಯುದ್ದಕ್ಕೂ ಮರ ಕಡಿದು ಹಾಕಿದ ತಡೆ, ತಿರುವಿಗೊಂದು ಫಿರಂಗಿ ಅಟ್ಟಣಿಗೆ, ನೆತ್ತಿಯಲ್ಲಿ ಹೈದರಗಡ. ಇಷ್ಟೆಲ್ಲ ಇದ್ದೂ ಕೆಲವೇ ದಿನದಲ್ಲಿ ಘಟ್ಟ ಅವನ ಕೈಗೆ ಬಂತು, ಬಿದನೂರಿನ ಅಧಿಕಾರಿ ಅಯಾಜ್ ತಾನಾಗಿ ಬೀಗದಕೈ ಕೊಟ್ಟ. ಏಪ್ರಿಲ್‌ನಲ್ಲಿ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದವನು ಮೊದಲು ಮಾಡಿದ ಕೆಲಸ ಘಟ್ಟದ ದಾರಿಗಳನ್ನು ಮುಚ್ಚಿ, ಬಿದನೂರಿಗೂ ಕರಾವಳಿಗೂ ಇದ್ದ ನಂಟನ್ನು ಕಡಿದದ್ದು. ಅಕ್ಕಿ ಬಾರದ ಕೋಟೆ ಮೇ ತಿಂಗಳು ಕಳೆಯಲಿಲ್ಲ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಬಂಡೆಯ ಮೇಲಿನ ಗೋಡೆಗಿಂತ ಘಟ್ಟದ ತಿರುವು ಹೆಚ್ಚಿನ ಆಯಕಟ್ಟು ಎಂಬುದನ್ನು ಟಿಪ್ಪು ತಿಳಿದಿದ್ದ.

ಈಗಿನ ಶತ್ರು ಬೇರೆ. ಹಕ್ಕಿ ತಿಂದು ಹಾಕಿದ ಗೋಳಿ, ಅರಳಿ, ಬಸರಿಯ ಬೀಜ ಸಂದಿನಲ್ಲಿ ಮೊಳೆಯುತ್ತದೆ. ಈ ಜಾತಿಯ ಮರಗಳಿಗೆ ಮಣ್ಣು ಬೇಕೆಂದಿಲ್ಲ, ತೇವ ಸಾಕು. ನೀರು ಬಸಿಯಲೆಂದು ಬಿಟ್ಟ ಸಂದು ಅವಕ್ಕೆ ಹೇಳಿ ಮಾಡಿಸಿದ ತಾಣ. ಬೇರು ದಪ್ಪವಾಗುತ್ತ ಬೆಣೆಯಂತೆ ಕಲ್ಲನ್ನು ಸರಿಸುತ್ತದೆ. ಹಾಗೆಂದು ಮರವನ್ನು ಒಮ್ಮೆಲೇ ಕಡಿದರೆ ಇನ್ನೂ ಅಪಾಯ. ಅಷ್ಟು ವರ್ಷ ಕಲ್ಲುಗಳನ್ನು ತಬ್ಬಿ ಹಿಡಿದ ಬೇರು ಒಳಗೇ ಕೊಳೆತು ಟೊಳ್ಳಾಗುತ್ತದೆ, ಮುಂದಿನ ಒಂದೆರಡು ಮಳೆಗಾಲದಲ್ಲಿ ಗೋಡೆ ಆ ಟೊಳ್ಳಿಗೆ ಕುಸಿಯುತ್ತದೆ. ಚಿಕ್ಕ ಸಸಿಯಿದ್ದಾಗಲೇ ವರ್ಷಾವರ್ಷ ಕಿತ್ತುಹಾಕುವುದೇ ಅಗ್ಗದ, ಬೇಸರದ, ಸರಿಯಾದ ದಾರಿ. ಅದಕ್ಕಿಂತ ನನಗೆ ಹೆದರಿಕೆ ಇರುವುದು ದುರಸ್ತಿಯ ಉತ್ಸಾಹದ ಬಗ್ಗೆ. ಸಂದುಗಳಿಗೆ ಸಿಮೆಂಟು ಮೆತ್ತಿ ಚಂದ ಮಾಡಿದ ದಿನವೇ ಬಸಿಯುವ ಗೋಡೆ ಅಣೆಕಟ್ಟಾಗುತ್ತದೆ, ಮೊದಲು ಹೇಳಿದ ಐದು ಟನ್ನಿನ ಲೆಕ್ಕ ಶುರುವಾಗುತ್ತದೆ. 2016ರ ಏಪ್ರಿಲ್ ಭೂಕಂಪದಲ್ಲಿ ಕುಮಾಮೊಟೊ ಕೋಟೆಯ ಗೋಡೆಗಳು ಜರಿದಾಗ ಜಪಾನಿನವರು ಬಿದ್ದ ಕಲ್ಲುಗಳಿಗೆ ನಂಬರು ಹಾಕಿ, ಹಳೆಯ ಫೋಟೋಗಳೊಂದಿಗೆ ತಾಳೆ ನೋಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸಲು ಹೊರಟರು. ದಶಕಗಳೇ ಹಿಡಿಯುವ ಕೆಲಸವೆಂದು ಗೊತ್ತಿದ್ದೂ ಹೊರಟರು. ಕವಲೇದುರ್ಗದ ಪ್ರತಿ ಗೋಡೆಯ ಸರಿಯಾದ ಫೋಟೋ ದಾಖಲೆ ಈಗಲೇ ಮಾಡಿಟ್ಟರೆ ನಾಳೆ ಬಿದ್ದದ್ದನ್ನು ಎತ್ತಿ ನಿಲ್ಲಿಸಬಹುದು. ಇದಕ್ಕೆ ದೊಡ್ಡ ಯಂತ್ರ ಬೇಡ, ಒಳ್ಳೆಯ ಕ್ಯಾಮೆರಾ ಮತ್ತು ಒಂದು ಬೇಸಗೆ ಸಾಕು.

ದೊಡ್ಡ ಯಂತ್ರ ಬೇಕಾದದ್ದು ಇನ್ನೊಂದು ಕೆಲಸಕ್ಕೆ, ಕಾಡಿನಡಿ ಅಡಗಿದ ಕೋಟೆಯ ಗುರುತು ಹುಡುಕುವುದಕ್ಕೆ. ವಿಮಾನದಿಂದ ಲೇಸರ್ ಮಿಡಿತಗಳನ್ನು ಕೆಳಗೆ ಬಿಟ್ಟರೆ ಹೆಚ್ಚಿನವು ಎಲೆಗೆ ತಾಗಿ ಹಿಂದಿರುಗುತ್ತವೆ, ಕೆಲವು ಎಲೆಗಳ ನಡುವಿನಿಂದ ನೆಲ ಮುಟ್ಟಿ ಬರುತ್ತವೆ. ನೆಲ ಮುಟ್ಟಿದವನ್ನು ಮಾತ್ರ ಆರಿಸಿಕೊಂಡರೆ ಕಾಡನ್ನು ಕಡಿಯದೆಯೇ ಕಾಡಿಲ್ಲದ ನಕ್ಷೆ ಸಿಗುತ್ತದೆ. ಜಪಾನಿನ ತಾತ್ಸುರೊ ಚಿಬಾ 2002ರಲ್ಲಿ ಇಂಥ ಅಳತೆಯಿಂದ ನೆಲದ ಏರುತಗ್ಗುಗಳನ್ನು ಕೆಂಪು ಬಣ್ಣದ ಗಾಢತೆಯಲ್ಲಿ ತೋರಿಸುವ ನಕ್ಷೆಯ ಉಪಾಯ ಕಂಡುಹಿಡಿದ. ಅವನಿಗೆ ಬೇಕಾಗಿದ್ದದ್ದು ಫ್ಯೂಜಿ ಪರ್ವತದ ಕಾಡಿನ ಅಡಿಯ ಲಾವಾ ಗುರುತುಗಳು. ಆದರೆ ಆ ನಕ್ಷೆ ಕೋಟೆ ಹುಡುಕುವವರ ಕೈಗೆ ಸಿಕ್ಕಿ, ಕಾಡಿನಡಿಯ ತಟ್ಟು, ಕಂದಕ, ದಿಬ್ಬಗಳು ಒಂದೊಂದಾಗಿ ಹೊರಬಿದ್ದವು. ನಮ್ಮ ಘಟ್ಟಕ್ಕೂ ಇದನ್ನು ಮಾಡಬಹುದು. ಹಾಗೆ ಹಾರುವ ದಿನ ಬಂದರೆ ಕವಲೇದುರ್ಗದ ಮೇಲೆ ಆಮೇಲೆ ಹಾರಲಿ, ಅಲ್ಲಿಯದು ಕಣ್ಣಿಗೆ ಕಾಣುತ್ತಲೇ ಇದೆ. ಮೊದಲು ಹೊಸಂಗಡಿಯಿಂದ ನಗರದವರೆಗಿನ ಹಳೆಯ ದಾರಿಯ ಮೇಲೆ ಹಾರಬೇಕು. 1783ರಲ್ಲಿ ಮ್ಯಾಥ್ಯೂಸನ ಸೈನ್ಯ ಹಾಯ್ದುಹೋದ ಅಟ್ಟಣಿಗೆಗಳ ಮಣ್ಣು ಉಳಿದಿದ್ದರೆ ಅಲ್ಲಿನ ಹಾಡಿಗಳ ಅಡಿಯಲ್ಲೇ ಇರಬೇಕು.